ಕುತ್ತಿಗೆ, ಹೆಗಲಿನ ನೋವು ನರದ್ದೇ? ಎಕ್ಸ್‌ರೇ, ಎಂಆರ್‌ಐ, ಇಎಂಜಿಗಳಲ್ಲಿ ಯಾವುದು ಯಾವಾಗ

ಕುತ್ತಿಗೆಯಿಂದ ಹೆಗಲಿಗೆ, ಹೆಗಲಿಂದ ತೋಳಿಗೆ ಇಳಿಯುವ ನೋವು. ಜೊತೆಗೆ ಬೆರಳಲ್ಲಿ ಜೋಮು. ವಯಸ್ಸು ಇಪ್ಪತ್ತೋ ಮೂವತ್ತೋ. ಇಂಥವರ ಮುಂದೆ ಈಗ ದಾರಿಗಳು ಬೇಕಾದಷ್ಟಿವೆ. ಎಕ್ಸ್‌ರೇ ಇದೆ, ಎಂಆರ್‌ಐ ಇದೆ, ನರ ಕೆಲಸ ಮಾಡುತ್ತಿದೆಯೇ ಎಂದು ನೋಡುವ, ಜನ ಕರೆಂಟ್ ಟೆಸ್ಟ್ ಅಂತ ಕರೆಯುವ ಎನ್‌ಸಿಎಸ್ ಮತ್ತು ಇಎಂಜಿ ಇದೆ, ಅಲ್ಟ್ರಾಸೌಂಡ್ ಇದೆ, ರಕ್ತ ಪರೀಕ್ಷೆ ಇದೆ. ಯಾವುದನ್ನು ಮೊದಲು ಮಾಡಿಸಬೇಕು ಅನ್ನುವುದೇ ಕಷ್ಟ.

ನಾನು ಫಿಸಿಯೋಥೆರಪಿ ಮಾಡುವವನು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ವಯಸ್ಸಿನಲ್ಲಿ ಎಲ್ಲಕ್ಕಿಂತ ಮೊದಲು ಬೇಕಾದದ್ದು ಯಂತ್ರವಲ್ಲ. ನಿಮ್ಮ ಕೈಯನ್ನು ಮುಟ್ಟಿ, ಬಲ ನೋಡಿ, ಸುತ್ತಿಗೆಯಲ್ಲಿ ತಟ್ಟಿ, ಯಾವ ಬೆರಳಿಗೆ ಜೋಮು ಎಂದು ಕೇಳುವ ಒಬ್ಬ ವೈದ್ಯರು. ಹತ್ತು ಹದಿನೈದು ನಿಮಿಷದ ಕೆಲಸ ಅದು. ಅದಾದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಆ ಪ್ರಶ್ನೆಗೆ ತಕ್ಕ ಪರೀಕ್ಷೆಯನ್ನು ಆರಿಸಬೇಕು. ಈಗ ನಡೆಯುತ್ತಿರುವುದು ತಿರುಗಾಮುರುಗಾ. ಮೊದಲು ಎಂಆರ್‌ಐ, ಆಮೇಲೆ ಅದರಲ್ಲಿ ಕಂಡದ್ದಕ್ಕೆ ಹೊಂದುವ ನೋವನ್ನು ಹುಡುಕುವುದು.

ಅದು ಯಾಕೆ ತಪ್ಪು ಅನ್ನುವುದಕ್ಕೆ ಒಂದು ಅಧ್ಯಯನ ಸಾಕು. ಜಪಾನಿನಲ್ಲಿ ಕುತ್ತಿಗೆಯ ಯಾವ ತೊಂದರೆಯೂ ಇಲ್ಲದ 1,211 ಜನರಿಗೆ ಎಂಆರ್‌ಐ ಮಾಡಿದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಇಪ್ಪತ್ತರಿಂದ ಇಪ್ಪತ್ತೊಂಬತ್ತರ ಒಳಗಿನವರಲ್ಲೇ ನಾಲ್ವರಲ್ಲಿ ಸುಮಾರು ಮೂವರಿಗೆ ಡಿಸ್ಕ್, ಅಂದರೆ ಕುತ್ತಿಗೆಯ ಮೂಳೆಗಳ ನಡುವಿನ ಮೆತ್ತೆ, ಉಬ್ಬಿತ್ತು. ನೆನಪಿಡಿ, ಅವರಿಗೆ ನೋವಿರಲಿಲ್ಲ, ಜೋಮಿರಲಿಲ್ಲ, ಏನೂ ಇರಲಿಲ್ಲ. ಅಂದರೆ ನಿಮ್ಮ ವರದಿಯಲ್ಲಿ 'ಡಿಸ್ಕ್ ಬಲ್ಜ್' ಅಂತ ಬರೆದಿದ್ದರೆ ಅದೇ ನೋವಿನ ಕಾರಣ ಎಂದು ಹೇಳಲು ಬರುವುದಿಲ್ಲ. ಉಬ್ಬಿದ ಡಿಸ್ಕ್ ಯಾವ ನರವನ್ನು ಮುಟ್ಟುತ್ತಿದೆಯೋ, ಅದೇ ನರದ ಬೆರಳಲ್ಲೇ ನಿಮಗೆ ಜೋಮು ಇರಬೇಕು. ಎರಡೂ ಹೊಂದಿದರೆ ಮಾತ್ರ ಅದಕ್ಕೆ ಬೆಲೆ.

ಬೆರಳು ಹೇಳುವ ವಿಳಾಸ

ಕುತ್ತಿಗೆಯಲ್ಲಿ ಮೂಳೆ ಏಳು, ಬೆನ್ನುಹುರಿಯಿಂದ ಹೊರಡುವ ನರದ ಬೇರು ಎಂಟು ಜೊತೆ. ಅವುಗಳಲ್ಲಿ ಐದನೆಯದರಿಂದ ಎಂಟನೆಯದರವರೆಗಿನವು, ಜೊತೆಗೆ ಎದೆಯ ಮೊದಲನೆಯ ಬೇರು ಸೇರಿ ಕೈಯನ್ನೆಲ್ಲ ನೋಡಿಕೊಳ್ಳುತ್ತವೆ. ವೈದ್ಯರು ಇವನ್ನು ಸಿ5, ಸಿ6, ಸಿ7, ಸಿ8, ಟಿ1 ಅನ್ನುತ್ತಾರೆ.

ಸಿ5 ತೊಂದರೆಯಾದರೆ ಹೆಗಲಿನ ಹೊರಬದಿ ನೋಯುತ್ತದೆ, ಕೈಯನ್ನು ಪಕ್ಕಕ್ಕೆ ಎತ್ತುವ ಬಲ ಕಡಿಮೆಯಾಗುತ್ತದೆ. ಸಿ6 ಆದರೆ ಹೆಬ್ಬೆರಳಿನ ಕಡೆಗೆ ಜೋಮು, ಮೊಣಕೈ ಮಡಿಸುವುದು ಮತ್ತು ಮಣಿಕಟ್ಟು ಮೇಲೆತ್ತುವುದು ಸೋಲುತ್ತದೆ. ಸಿ7 ನಡುಬೆರಳಿನದು. ಕೈ ಚಾಚಿ ಬಾಗಿಲು ತಳ್ಳುವಾಗ ಬೇಕಾಗುವ ತೋಳಿನ ಹಿಂದಿನ ಸ್ನಾಯು ಇದರದ್ದು. ಕುತ್ತಿಗೆಯಲ್ಲಿ ಬೇರು ಒತ್ತಿಕೊಂಡವರಲ್ಲಿ ಜಾಸ್ತಿ ಕಾಣುವುದು ಈ ಸಿ7, ಅದರ ನಂತರ ಸಿ6. ಸಿ8 ಕಿರುಬೆರಳಿನ ಕಡೆಯದು, ಮುಷ್ಟಿ ಬಿಗಿಯುವ ಬಲ ಇದರ ಕೈಲಿದೆ. ಟಿ1 ಮುಂಗೈ ಒಳಬದಿಗೆ ಹೋಗುತ್ತದೆ, ಬೆರಳುಗಳನ್ನು ಅಗಲಿಸುವ ಸಣ್ಣ ಸ್ನಾಯುಗಳಿಗೂ ಹೋಗುತ್ತದೆ.

ಈ ನಕ್ಷೆ ಎಲ್ಲರಲ್ಲೂ ಗೆರೆ ಕೊರೆದ ಹಾಗೆ ಇರುವುದಿಲ್ಲ. ನೋವಂತೂ ಎಲ್ಲಿ ಬೇಕಾದರೂ ಹರಡುತ್ತದೆ. ರೆಕ್ಕೆ ಮೂಳೆಯ ಒಳಅಂಚಿನಲ್ಲಿ ಯಾರೋ ಚುಚ್ಚಿದ ಹಾಗಾಗುವ ನೋವು ಕುತ್ತಿಗೆಯ ಬೇರಿನದ್ದೇ ಆಗಿರುವುದು ಬಹಳ ಸಾಮಾನ್ಯ. ಜನ ಅದನ್ನು ಬೆನ್ನು ಉಳುಕಿದೆ ಅಂದುಕೊಂಡು ಮುಲಾಮು ಹಚ್ಚುತ್ತಿರುತ್ತಾರೆ. ಆದ್ದರಿಂದ ನೋವಿನ ಜಾಗಕ್ಕಿಂತ ಜೋಮಿನ ಜಾಗವನ್ನು ನಂಬಿ. ಜೋಮಿಗಿಂತಲೂ ಸೋತ ಸ್ನಾಯುವನ್ನು ನಂಬಿ.

ವೈದ್ಯರ ಬಳಿ ಹೋಗುವ ಮೊದಲು ಒಂದು ಹಾಳೆಯಲ್ಲಿ ಕೈಯ ಚಿತ್ರ ಬರೆದು ಜೋಮಿನ ಜಾಗಕ್ಕೆ ಗೀಟು ಹಾಕಿ. 'ಕೈಯೆಲ್ಲಾ ಜೋಮು' ಅನ್ನುವ ಮಾತಿಗಿಂತ ಅದು ನೂರು ಪಾಲು ಉಪಯೋಗ. ಎರಡು ದಿನ ಗಮನಿಸಿ ನೋಡಿದರೆ ಕೈಯೆಲ್ಲಾ ಅಂದದ್ದು ಎರಡೇ ಬೆರಳು ಎಂದು ನಿಮಗೇ ಗೊತ್ತಾಗುತ್ತದೆ.

ಕುತ್ತಿಗೆಯೋ, ಹೆಗಲಿನ ಕೀಲೋ

ಮೊದಲು ಬೇರೆ ಮಾಡಬೇಕಾದದ್ದು ಇವೆರಡನ್ನು. ಹೆಗಲಿನ ಕೀಲಿನದ್ದೇ ನೋವಾದರೆ ಅದು ತೋಳಿನ ಹೊರಬದಿಯಲ್ಲಿ ಇರುತ್ತದೆ, ಮೊಣಕೈ ದಾಟುವುದು ಅಪರೂಪ. ಕೈ ಎತ್ತುವಾಗ ಒಂದು ಮಟ್ಟದಲ್ಲಿ ಚುಳ್ಳೆಂದು ಮುಂದೆ ಕಡಿಮೆಯಾಗುತ್ತದೆ. ಆ ಮಗ್ಗುಲಿಗೆ ಮಲಗಲಾಗುವುದಿಲ್ಲ. ಕುತ್ತಿಗೆ ಹೇಗೆ ತಿರುಗಿಸಿದರೂ ನೋವಿನಲ್ಲಿ ವ್ಯತ್ಯಾಸವಿಲ್ಲ.

ಕುತ್ತಿಗೆಯ ಬೇರಿನದ್ದಾದರೆ ತಲೆ ಹಿಂದಕ್ಕೆ ಚೆಲ್ಲಿ ಆ ಕಡೆಗೆ ವಾಲಿಸಿದಾಗ ಕೈಗೆ ಕರೆಂಟ್ ಹೊಡೆದಂತಾಗುತ್ತದೆ. ಇನ್ನೊಂದು ಗುರುತಿದೆ. ಕೆಲವರು ನೋಯುವ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡೇ ಕೂರುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ, ಹಾಗಿಟ್ಟರೆ ಹಾಯೆನಿಸುತ್ತದೆ ಅಷ್ಟೇ. ಬೇರಿನ ಮೇಲಿನ ಎಳೆತ ಕಡಿಮೆಯಾಗುವುದರಿಂದ ಹೀಗೆ. ಹೆಗಲಿನ ಕೀಲು ಕೆಟ್ಟಿದ್ದರೆ ಕೈಯನ್ನು ಅಲ್ಲಿಗೆ ಒಯ್ಯುವುದೇ ಕಷ್ಟ, ಅಲ್ವಾ?

ಇವೆರಡರ ಜೊತೆಗೆ ಮೂರನೆಯದೊಂದಿದೆ, ಯುವಕರಲ್ಲಿ ಇದೇ ಜಾಸ್ತಿ. ಬರೀ ಸ್ನಾಯು ಬಿಗಿತ. ಕುತ್ತಿಗೆ ಮತ್ತು ಹೆಗಲಿನ ನಡುವಿನ ಮಾಂಸಖಂಡದಲ್ಲಿ ಒಂದು ಗಂಟಿನಂಥ ಜಾಗ. ಒತ್ತಿದರೆ ನೋವು ತಲೆಗೋ ತೋಳಿಗೋ ಹರಿಯುತ್ತದೆ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವವರು, ಸ್ಕೂಟರ್‌ನಲ್ಲಿ ಟ್ರಾಫಿಕ್‌ನೊಳಗೆ ಗಂಟೆಗಟ್ಟಲೆ ಓಡಾಡುವವರು ಇದನ್ನು ಬಲ್ಲರು. ಇಲ್ಲಿ ಬಲ ಸೋಲುವುದಿಲ್ಲ. ಸುತ್ತಿಗೆಯಲ್ಲಿ ತಟ್ಟಿದಾಗಿನ ಪ್ರತಿಕ್ರಿಯೆ ಎರಡೂ ಕಡೆ ಒಂದೇ ಥರ ಇರುತ್ತದೆ. ಇಂಥವರಿಗೆ ಯಾವ ಸ್ಕ್ಯಾನೂ ಬೇಡ. ಮಾಡಿಸಿದರೆ ಮೇಲೆ ಹೇಳಿದ ಬಲ್ಜ್ ಕಾಣುತ್ತದೆ, ಇಲ್ಲದ ಹೆದರಿಕೆ ಹುಟ್ಟುತ್ತದೆ, ಜಿಮ್ ಬಿಡುತ್ತಾರೆ, ಬೆಲ್ಟ್ ಹಾಕಿಕೊಳ್ಳುತ್ತಾರೆ. ನೋವು ಇನ್ನೂ ಹೆಚ್ಚುತ್ತದೆ.

ಕೈಯಲ್ಲಿ ಮಾಡುವ ಪರೀಕ್ಷೆಗಳು: ಎಷ್ಟು ನಂಬಬಹುದು

ನಾಲ್ಕು ಪರೀಕ್ಷೆಗಳನ್ನು ಒಟ್ಟಿಗೆ ನೋಡುವ ಪದ್ಧತಿ ಇದೆ. ಒಂದು, ಸ್ಪರ್ಲಿಂಗ್: ತಲೆಯನ್ನು ನೋವಿನ ಕಡೆಗೆ ವಾಲಿಸಿ ಮೇಲಿನಿಂದ ಮೆಲ್ಲಗೆ ಒತ್ತುವುದು. ಎರಡು, ಮಲಗಿಸಿ ತಲೆಯನ್ನು ಮೆಲ್ಲಗೆ ಎಳೆದಾಗ ನೋವು ಇಳಿಯುತ್ತದೆಯೇ ಎಂದು ನೋಡುವುದು. ಮೂರು, ಹೆಗಲು, ಮೊಣಕೈ, ಮಣಿಕಟ್ಟುಗಳನ್ನು ಒಂದೊಂದಾಗಿ ಚಾಚಿ ನರವನ್ನು ಉದ್ದಕ್ಕೆ ಎಳೆಯುವುದು. ನಾಲ್ಕು, ನೋವಿನ ಕಡೆಗೆ ಕುತ್ತಿಗೆ 60 ಡಿಗ್ರಿಗಿಂತ ಕಡಿಮೆ ತಿರುಗುತ್ತದೆಯೇ ಎನ್ನುವುದು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇವನ್ನು ಇಎಂಜಿ ಜೊತೆ ಹೋಲಿಸಿ ನೋಡಿತು. ನಾಲ್ಕೂ ಪಾಸಿಟಿವ್ ಆದವರಲ್ಲಿ ಬೇರಿನ ತೊಂದರೆ ಇರುವ ಸಾಧ್ಯತೆ ಶೇ. 90. ಮೂರು ಪಾಸಿಟಿವ್ ಆದರೆ ಶೇ. 65.

ಒಂದೊಂದನ್ನೇ ನೋಡಿದರೆ ಇವುಗಳ ಗುಣ ಬೇರೆ ಬೇರೆ. ಸ್ಪರ್ಲಿಂಗ್ ಪಾಸಿಟಿವ್ ಆದರೆ ನಂಬಬಹುದು, ಆದರೆ ನೆಗೆಟಿವ್ ಆಯಿತೆಂದು ಬೇರಿಗೆ ಏನೂ ಆಗಿಲ್ಲ ಅನ್ನುವಂತಿಲ್ಲ. ನರ ಎಳೆಯುವ ಪರೀಕ್ಷೆ ಇದಕ್ಕೆ ಉಲ್ಟಾ. ಅದು ಸುಮ್ಸುಮ್ನೆ ಪಾಸಿಟಿವ್ ಆಗುವುದುಂಟು, ಆದರೆ ಪೂರ್ತಿ ನೆಗೆಟಿವ್ ಆದರೆ ಬೇರಿನ ತೊಂದರೆ ಇರುವ ಸಾಧ್ಯತೆ ಬಹಳ ಕಡಿಮೆ. ಎರಡನ್ನೂ ಮಾಡುವ ವೈದ್ಯರೋ ಫಿಸಿಯೋಥೆರಪಿಸ್ಟೋ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಮನೆಯಲ್ಲಿ ಗೆಳೆಯರ ಕೈಲಿ ತಲೆ ಒತ್ತಿಸಿಕೊಂಡು ಪರೀಕ್ಷೆ ಮಾಡಲು ಮಾತ್ರ ಹೋಗಬೇಡಿ.

ಎಕ್ಸ್‌ರೇ ಮತ್ತು ಎಂಆರ್‌ಐ

ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ನರ ಕಾಣುವುದಿಲ್ಲ, ಡಿಸ್ಕ್ ಕೂಡ ನೇರವಾಗಿ ಕಾಣುವುದಿಲ್ಲ. ಯುವಕರ ಎಕ್ಸ್‌ರೇ ವರದಿಯಲ್ಲಿ ಪದೇ ಪದೇ ಬರುವ ಸಾಲು 'ಕುತ್ತಿಗೆಯ ಸಹಜ ಬಾಗು ನೇರವಾಗಿದೆ' ಅನ್ನುವುದು. ನೋವಿನಿಂದ ಸ್ನಾಯು ಬಿಗಿದಿದ್ದರೆ, ಚಿತ್ರ ತೆಗೆಯುವಾಗ ಗದ್ದ ಸ್ವಲ್ಪ ಕೆಳಗಿದ್ದರೆ ಕೂಡ ಹಾಗೆ ಕಾಣುತ್ತದೆ. ಆರೋಗ್ಯವಾಗಿರುವ ಎಷ್ಟೋ ಜನರ ಕುತ್ತಿಗೆಯೂ ಹಾಗೇ ಇರುತ್ತದೆ. ಇದರ ಆಧಾರದ ಮೇಲೆ 'ನಿಮಗೆ ಸ್ಪಾಂಡಿಲೈಟಿಸ್' ಅಂತ ಇಪ್ಪತ್ತಾರರ ಹುಡುಗಿಗೆ ಹೇಳಿ ಕಳಿಸುವುದು ನನಗೆ ನಿಜಕ್ಕೂ ಬೇಸರ ತರುವ ವಿಷಯ.

ಹಾಗಾದರೆ ಎಕ್ಸ್‌ರೇ ಬೇಡವೇ ಬೇಡ ಅಂತಲ್ಲ. ಬಿದ್ದು ಏಟಾಗಿದ್ದರೆ ಬೇಕು, ದೊಡ್ಡ ಏಟಾದರೆ ಸಿಟಿ ಸ್ಕ್ಯಾನ್ ಇನ್ನೂ ಒಳ್ಳೆಯದು. ಹುಟ್ಟಿನಿಂದಲೇ ಕೆಲವರಿಗೆ ಕುತ್ತಿಗೆಯ ಕೊನೆಯ ಮೂಳೆಯಿಂದ ಹೆಚ್ಚುವರಿ ಪಕ್ಕೆಲುಬು ಬೆಳೆದಿರುತ್ತದೆ. ನೂರರಲ್ಲಿ ಒಬ್ಬರಿಗೆ ಅಥವಾ ಅದಕ್ಕಿಂತ ಕಡಿಮೆ. ಕಿರುಬೆರಳಿನ ಕಡೆ ಜೋಮು ಇರುವ ಯುವತಿಯರಲ್ಲಿ ಇದನ್ನು ನೋಡಲು ಅಗ್ಗದ ಎಕ್ಸ್‌ರೇ ಸಾಕು. ಕುತ್ತಿಗೆಯ ಎಂಆರ್‌ಐನಲ್ಲಿ ಇದು ಕಣ್ತಪ್ಪಿ ಹೋಗಬಹುದು.

ಎಂಆರ್‌ಐ ನರದ ಬೇರು, ಡಿಸ್ಕ್, ಬೆನ್ನುಹುರಿ ಮೂರನ್ನೂ ತೋರಿಸುತ್ತದೆ, ವಿಕಿರಣವಿಲ್ಲ. ಎಕ್ಸ್‌ರೇಗೆ ನೂರುಗಳಲ್ಲಿ ಖರ್ಚಾದರೆ ಇದಕ್ಕೆ ಸಾವಿರಗಳಲ್ಲಿ. ಯಾವಾಗ ಬೇಕು? ಬಲ ಸೋತಿದ್ದರೆ, ಅದರಲ್ಲೂ ದಿನದಿಂದ ದಿನಕ್ಕೆ ಸೋಲುತ್ತಿದ್ದರೆ, ತಡ ಮಾಡದೆ ಮಾಡಿಸಿ. ಬೆನ್ನುಹುರಿಗೇ ಒತ್ತಡವಿದೆ ಎಂಬ ಅನುಮಾನವಿದ್ದರೆ ಕೂಡಲೇ. ಜ್ವರ, ತೂಕ ಇಳಿಕೆ, ಹಿಂದೆ ಕ್ಯಾನ್ಸರ್ ಬಂದ ಇತಿಹಾಸ ಇದ್ದರೂ ಅಷ್ಟೇ. ಇದ್ಯಾವುದೂ ಇಲ್ಲದೆ ಬರೀ ನೋವು ಮತ್ತು ಜೋಮು ಇದ್ದರೆ ನಾಲ್ಕರಿಂದ ಆರು ವಾರ ಔಷಧಿ, ವ್ಯಾಯಾಮ ನೋಡಿ ಆಮೇಲೆ ನಿರ್ಧರಿಸಬಹುದು. ಬೇರು ಒತ್ತಿಕೊಂಡ ಬಹುಪಾಲು ಜನ ಆಪರೇಷನ್ ಇಲ್ಲದೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಸುಧಾರಿಸುತ್ತಾರೆ. ಹೊರಗೆ ಜಾರಿದ ಡಿಸ್ಕ್ ತುಂಡನ್ನು ದೇಹವೇ ಕರಗಿಸಿಕೊಳ್ಳುವುದೂ ಸಾಮಾನ್ಯ. ಇಂಜೆಕ್ಷನ್ ಅಥವಾ ಆಪರೇಷನ್ ಮಾಡುವ ಯೋಚನೆ ಇದ್ದರೆ ಮಾತ್ರ ಎಂಆರ್‌ಐ ಇಲ್ಲದೆ ಆಗುವುದಿಲ್ಲ.

ಚಿತ್ರ ಇನ್ನಷ್ಟು ಸ್ಪಷ್ಟವಾಗಲು ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್ ಹಾಕಬೇಕೇ ಎಂದು ಕೇಳುತ್ತಾರೆ. ಡಿಸ್ಕ್ ಒತ್ತಡ ನೋಡಲು ಬೇಡ. ಸೋಂಕು, ಗೆಡ್ಡೆ, ಉರಿಯೂತದ ಅನುಮಾನಕ್ಕೆ ಬೇಕು. ಪೇಸ್‌ಮೇಕರ್, ಕಾಕ್ಲಿಯರ್ ಇಂಪ್ಲಾಂಟ್ ಇದ್ದವರು ಮೊದಲೇ ಹೇಳಬೇಕು. ಎಂಆರ್‌ಐ ಆಗದವರಿಗೆ ಸಿಟಿ ಇದೆ.

ಎಂಆರ್‌ಐ ಮತ್ತು ಇಎಂಜಿ: ಇಲ್ಲಿಯೇ ಜಾಸ್ತಿ ಗೊಂದಲ

ಎಂಆರ್‌ಐ ತೋರಿಸುವುದು ಆಕಾರವನ್ನು. ನರ ಕೆಲಸ ಮಾಡುತ್ತಿದೆಯೇ ಎಂದು ಹೇಳುವುದು ಎನ್‌ಸಿಎಸ್ ಮತ್ತು ಇಎಂಜಿ. ಮನೆಯ ವೈರಿಂಗ್ ಫೋಟೊ ತೆಗೆಯುವುದಕ್ಕೂ ಟೆಸ್ಟರ್ ಹಿಡಿದು ಕರೆಂಟ್ ಬರುತ್ತಿದೆಯೇ ಎಂದು ನೋಡುವುದಕ್ಕೂ ಇರುವ ವ್ಯತ್ಯಾಸ ಇದು. ಎನ್‌ಸಿಎಸ್‌ನಲ್ಲಿ ಚರ್ಮದ ಮೇಲೆ ಸಣ್ಣ ಶಾಕ್ ಕೊಟ್ಟು ನರದಲ್ಲಿ ಸಂಕೇತ ಎಷ್ಟು ವೇಗವಾಗಿ, ಎಷ್ಟು ಜೋರಾಗಿ ಹರಿಯುತ್ತದೆ ಎಂದು ಅಳೆಯುತ್ತಾರೆ. ಇಎಂಜಿಯಲ್ಲಿ ತೆಳು ಸೂಜಿಯನ್ನು ಸ್ನಾಯುವಿಗೆ ಚುಚ್ಚಿ ಅಲ್ಲಿನ ವಿದ್ಯುತ್ ಚಟುವಟಿಕೆ ನೋಡುತ್ತಾರೆ. ಸ್ವಲ್ಪ ನೋವಾಗುತ್ತದೆ, ತಡೆಯಲಾರದಷ್ಟೇನಲ್ಲ.

ಮೊದಲ ಮುಖ್ಯ ವಿಷಯ, ಸಮಯ. ನರಕ್ಕೆ ಪೆಟ್ಟಾಗಿ ಸ್ನಾಯುವಿನಲ್ಲಿ ಅದರ ಗುರುತು ಸೂಜಿಗೆ ಸಿಗಬೇಕಾದರೆ ಸುಮಾರು ಮೂರು ವಾರ ಬೇಕು. ನೋವು ಶುರುವಾದ ನಾಲ್ಕನೇ ದಿನಕ್ಕೆ ಇಎಂಜಿ ಮಾಡಿಸಿ ನಾರ್ಮಲ್ ಬಂತೆಂದು ನಿರಾಳವಾಗಬೇಡಿ. ಆ ದುಡ್ಡು ದಂಡ.

ಎರಡನೆಯದು, ಎನ್‌ಸಿಎಸ್ ಮಾತ್ರ ಮಾಡಿ ಸೂಜಿ ಬಿಟ್ಟರೆ ಕುತ್ತಿಗೆಯ ಬೇರಿನ ತೊಂದರೆ ತಪ್ಪಿಹೋಗುತ್ತದೆ. ಇದಕ್ಕೆ ಕಾರಣ ತಿಳಿದರೆ ವರದಿ ಓದುವುದೂ ಸುಲಭ. ಸ್ಪರ್ಶವನ್ನು ಒಯ್ಯುವ ನರದ ಜೀವಕೋಶಗಳು ಬೆನ್ನುಹುರಿಯ ಒಳಗಿಲ್ಲ. ಮೂಳೆಗಳ ನಡುವಿನ ಕಿಂಡಿಯ ಬಳಿ ಒಂದು ಗಂಟಿನಲ್ಲಿವೆ. ಡಿಸ್ಕ್ ಸಾಮಾನ್ಯವಾಗಿ ಒತ್ತುವುದು ಆ ಗಂಟಿಗಿಂತ ಒಳಗಡೆ. ಗಂಟಿನಿಂದ ಬೆರಳಿನವರೆಗಿನ ನರ ಜೀವಂತವಾಗೇ ಇರುತ್ತದೆ. ಹಾಗಾಗಿ ಬೆರಳು ಮರಗಟ್ಟಿದ್ದರೂ ಎನ್‌ಸಿಎಸ್‌ನಲ್ಲಿ ಸ್ಪರ್ಶದ ಸಂಕೇತ ನಾರ್ಮಲ್ ಬರುತ್ತದೆ. ಅದೇ ಆ ಸಂಕೇತ ಕುಗ್ಗಿದ್ದರೆ, ಪೆಟ್ಟು ಗಂಟಿನಿಂದ ಹೊರಗೆ ಆಗಿದೆ ಎಂದರ್ಥ. ಹೆಗಲಿನ ನರಗಳ ಜಾಲದಲ್ಲೋ, ಮೊಣಕೈಯಲ್ಲೋ, ಮಣಿಕಟ್ಟಿನಲ್ಲೋ. ಎಂಆರ್‌ಐನಲ್ಲಿ ಡಿಸ್ಕ್ ಉಬ್ಬಿರುವ ಒಬ್ಬರಿಗೆ ನಿಜವಾದ ತೊಂದರೆ ಮೊಣಕೈಯಲ್ಲಿದೆ ಎಂದು ಹೇಳಬಲ್ಲ ಪರೀಕ್ಷೆ ಇದು. ಇಷ್ಟು ಚೆಂದದ ಪರೀಕ್ಷೆಯನ್ನು ಜನ ಕಡೆಗೆ ತಳ್ಳುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೂರನೆಯದು, ಇದರ ಮಿತಿ. ನೋವನ್ನು ಒಯ್ಯುವ ಸಣ್ಣ ನರತಂತುಗಳನ್ನು ಈ ಪರೀಕ್ಷೆ ಅಳೆಯುವುದಿಲ್ಲ. ಬಲ ಸೋಲದೆ ಬರೀ ನೋವು, ಜೋಮು ಇರುವವರಲ್ಲಿ ಇಎಂಜಿ ನಾರ್ಮಲ್ ಬರುವುದು ಸಹಜ. ಅದನ್ನು ಹಿಡಿದು 'ನಿಮಗೇನೂ ಇಲ್ಲ, ಮನಸ್ಸಿಗೆ ಹಚ್ಚಿಕೊಂಡಿದ್ದೀರಿ' ಎಂದು ಯಾರಾದರೂ ಹೇಳಿದರೆ ಅದು ಸರಿಯಲ್ಲ.

ಚಿಕ್ಕದಾಗಿ ಹೇಳುವುದಾದರೆ, ಕೈಪರೀಕ್ಷೆ ಮತ್ತು ಎಂಆರ್‌ಐ ಒಂದೇ ಬೇರನ್ನು ತೋರಿಸುತ್ತಿದ್ದರೆ ಇಎಂಜಿ ಬೇಡ. ಎರಡೂ ಹೊಂದದಿದ್ದರೆ, ಅಥವಾ ಬಲ ಸೋತಿದ್ದು ಎಂಆರ್‌ಐ ಕ್ಲೀನ್ ಇದ್ದರೆ, ಇಎಂಜಿ ಮಾಡಿಸಲೇಬೇಕು.

ಎಂಆರ್‌ಐ ಕ್ಲೀನ್, ಕೈ ಮಾತ್ರ ಸೋಲುತ್ತಿದೆ

ಯುವಕರಲ್ಲಿ ಹೀಗಾಗುವ ಮೂರು ಕಾಯಿಲೆಗಳನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಗೊತ್ತಿಲ್ಲದೆ ತಿಂಗಳುಗಟ್ಟಲೆ ಅಲೆಯುವವರು ಇವರೇ.

ಮೊದಲನೆಯದು ಪಾರ್ಸನೇಜ್-ಟರ್ನರ್ ಸಿಂಡ್ರೋಮ್. ಆ ಇಬ್ಬರು ವೈದ್ಯರು 1948ರಲ್ಲಿ ವಿವರವಾಗಿ ಬರೆದದ್ದರಿಂದ ಈ ಹೆಸರು. ಇದ್ದಕ್ಕಿದ್ದಂತೆ, ಬಹಳ ಸಲ ರಾತ್ರಿ ಹೊತ್ತು, ಹೆಗಲಲ್ಲಿ ಸಹಿಸಲಾಗದ ನೋವು. ಮಾತ್ರೆಗೆ ಜಗ್ಗುವುದಿಲ್ಲ. ಕುತ್ತಿಗೆ ತಿರುಗಿಸಿದರೆ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಕೆಲವು ದಿನ ಅಥವಾ ವಾರಗಳಲ್ಲಿ ನೋವು ಇಳಿಯುತ್ತದೆ. ಅಯ್ಯೋ ವಾಸಿಯಾಯಿತು ಅನ್ನುವಷ್ಟರಲ್ಲಿ ಕೈ ಎತ್ತಲು ಆಗುವುದಿಲ್ಲ. ಗೋಡೆ ತಳ್ಳಿದರೆ ರೆಕ್ಕೆ ಮೂಳೆ ಹಿಂದಕ್ಕೆ ಎದ್ದು ನಿಲ್ಲುತ್ತದೆ. ಕೆಲವರಿಗೆ ಹೆಬ್ಬೆರಳು, ತೋರುಬೆರಳು ಸೇರಿಸಿ ದುಂಡನೆಯ ಸೊನ್ನೆ ಮಾಡಲಾಗುವುದಿಲ್ಲ. ವೈರಲ್ ಜ್ವರ, ಆಪರೇಷನ್, ವಿಪರೀತ ದೇಹದಂಡನೆ ಆದ ಮೇಲೆ ಬರುವುದುಂಟು. ಇದು ಲಕ್ಷಕ್ಕೆ ಒಬ್ಬಿಬ್ಬರಿಗೆ ಬರುವ ಕಾಯಿಲೆ ಎಂದೇ ಬಹಳ ಕಾಲ ನಂಬಿದ್ದರು. ನೆದರ್‌ಲೆಂಡ್ಸ್‌ನಲ್ಲಿ ವೈದ್ಯರಿಗೆ ಗುರುತಿಸಲು ಹೇಳಿಕೊಟ್ಟು ಎಣಿಸಿದಾಗ ವರ್ಷಕ್ಕೆ ಸಾವಿರಕ್ಕೆ ಒಬ್ಬರಂತೆ ಸಿಕ್ಕರು. ಅಂದರೆ ಕಾಯಿಲೆ ಅಪರೂಪವಲ್ಲ, ಗುರುತಿಸುವವರು ಅಪರೂಪ. ಇಲ್ಲಿ ಕುತ್ತಿಗೆಯ ಎಂಆರ್‌ಐನಿಂದ ಏನೂ ತಿಳಿಯುವುದಿಲ್ಲ. ಬೇಕಾದದ್ದು ಮೂರು ವಾರದ ನಂತರದ ಇಎಂಜಿ, ಜೊತೆಗೆ ಸಿಕ್ಕರೆ ಹೆಗಲಿನ ನರಜಾಲದ ಎಂಆರ್ ನ್ಯೂರೋಗ್ರಫಿ (ನರಗಳನ್ನೇ ತೋರಿಸುವ ಎಂಆರ್‌ಐ) ಅಥವಾ ನರ ನೋಡಲು ಬಲ್ಲವರು ಮಾಡುವ ಅಲ್ಟ್ರಾಸೌಂಡ್.

ಎರಡನೆಯದು ಹಿರಾಯಾಮಾ ಕಾಯಿಲೆ. ಇದನ್ನು ನೋವಿನ ಲೇಖನದಲ್ಲಿ ಯಾಕೆ ಸೇರಿಸಿದೆ ಎಂದು ನರರೋಗ ತಜ್ಞರು ಕೇಳಬಹುದು, ಯಾಕೆಂದರೆ ಇದರಲ್ಲಿ ನೋವು ಸಾಮಾನ್ಯವಾಗಿ ಇರುವುದೇ ಇಲ್ಲ. ಆದರೂ 'ನರ ಹಿಡಿದಿದೆ' ಎಂದು ಮಸಾಜ್ ಮಾಡಿಸಿಕೊಳ್ಳುತ್ತಾ ವರ್ಷ ಕಳೆಯುವ ಹುಡುಗರು ಇವರು. ಹದಿನೈದರಿಂದ ಇಪ್ಪತ್ತೈದರ ವಯಸ್ಸು, ಬಹುತೇಕ ಗಂಡುಮಕ್ಕಳು. ಒಂದು ಕೈಯ ಅಂಗೈ, ಮುಂಗೈ ಮೆಲ್ಲಗೆ ಸಣ್ಣಗಾಗುತ್ತದೆ. ಚಳಿಯಲ್ಲಿ ಬೆರಳು ಇನ್ನೂ ಸೋಲುತ್ತವೆ, ಬೆಳಗ್ಗೆ ಶರ್ಟ್ ಗುಂಡಿ ಹಾಕಲು ಒದ್ದಾಡುತ್ತಾರೆ. ಜಪಾನಿನ ಹಿರಾಯಾಮಾ 1959ರಲ್ಲಿ ಇದನ್ನು ವಿವರಿಸಿದರು. ಇದು ಏಷ್ಯಾದಲ್ಲೇ ಜಾಸ್ತಿ. ನಮಗೂ ಇದಕ್ಕೂ ಹತ್ತಿರದ ನಂಟಿದೆ. 1984ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಎಂ. ಗೌರಿದೇವಿ ಮತ್ತು ಸಂಗಡಿಗರು ಒಂದೇ ಕೈ ಅಥವಾ ಒಂದೇ ಕಾಲು ಸಣ್ಣಗಾಗುವ ರೋಗಿಗಳ ಬಗ್ಗೆ ಬರೆದು 'ಮೊನೊಮೆಲಿಕ್ ಅಮಯೋಟ್ರೋಫಿ' ಎಂದು ಕರೆದರು. ಕೈಯಲ್ಲಿ ಕಾಣುವ ಆ ರೂಪಕ್ಕೂ ಹಿರಾಯಾಮಾ ಕಾಯಿಲೆಗೂ ಬಹಳ ಹೋಲಿಕೆ.

ಪರೀಕ್ಷೆಯ ದೃಷ್ಟಿಯಿಂದ ಇಲ್ಲಿ ಒಂದು ಗುಟ್ಟಿದೆ. ಮಾಮೂಲಿ ಎಂಆರ್‌ಐ ನೇರವಾಗಿ ಮಲಗಿಸಿ ಮಾಡುತ್ತಾರೆ. ಆಗ ಬೆನ್ನುಹುರಿ ಸರಿಯಾಗೇ ಕಾಣಬಹುದು. ಈ ಕಾಯಿಲೆಯಲ್ಲಿ ಕತ್ತು ಬಗ್ಗಿಸಿದಾಗ ಬೆನ್ನುಹುರಿಯ ಹೊರಚೀಲ ಮುಂದಕ್ಕೆ ಸರಿದು ಹುರಿಯನ್ನು ಅಮುಕುತ್ತದೆ. ಹಾಗಾಗಿ ಕತ್ತು ಬಗ್ಗಿಸಿದ ಸ್ಥಿತಿಯಲ್ಲಿ ಎಂಆರ್‌ಐ ತೆಗೆಯಬೇಕು, ಚೀಟಿಯಲ್ಲಿ ಹಾಗೆಂದು ಬರೆದಿರಬೇಕು. ಬರೆಯದಿದ್ದರೆ ಸೆಂಟರ್‌ನವರು ತಾವಾಗಿ ಮಾಡುವುದಿಲ್ಲ. ಬೇಗ ಗೊತ್ತಾದರೆ ಕಾಲರ್ ಹಾಕಿ ಕತ್ತು ಬಗ್ಗದಂತೆ ನೋಡಿಕೊಂಡು ಕೈ ಇನ್ನಷ್ಟು ಸೋಲುವುದನ್ನು ತಡೆಯುವ ಪ್ರಯತ್ನ ಮಾಡುತ್ತಾರೆ. ಸಣ್ಣಗಾದ ಸ್ನಾಯು ಮಾತ್ರ ಪೂರ್ತಿ ವಾಪಸ್ ಬರುವುದು ಕಷ್ಟ. ಇಷ್ಟು ಉದ್ದಕ್ಕೆ ಹೇಳಿದ್ದು ಅದಕ್ಕೇ.

ಮೂರನೆಯದು ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್. ಕುತ್ತಿಗೆಯ ಸ್ನಾಯುಗಳು, ಮೊದಲ ಪಕ್ಕೆಲುಬು, ಕೊರಳೆಲುಬು ಇವುಗಳ ನಡುವಿನ ಇಕ್ಕಟ್ಟಿನಲ್ಲಿ ನರಗಳು ಸಿಕ್ಕಿಕೊಳ್ಳುವುದು. ಕಿರುಬೆರಳು, ಮುಂಗೈ ಒಳಬದಿ ಜೋಮು. ಕೈ ಮೇಲೆತ್ತಿ ಕೆಲಸ ಮಾಡಿದರೆ, ಕೂದಲು ಬಾಚಿದರೆ ಹೆಚ್ಚಾಗುತ್ತದೆ. ಮೂರು ನಿಮಿಷ ಎರಡೂ ಕೈ ಎತ್ತಿ ಮುಷ್ಟಿ ಬಿಚ್ಚಿ ಮುಚ್ಚುವ ಪರೀಕ್ಷೆಯೊಂದಿದೆ. ಅದು ಏನೂ ಇಲ್ಲದವರಲ್ಲೂ, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡವರಲ್ಲೂ ಪಾಸಿಟಿವ್ ಆಗುವುದರಿಂದ ಅದೊಂದನ್ನೇ ನಂಬಬೇಡಿ. ಹೆಚ್ಚುವರಿ ಪಕ್ಕೆಲುಬಿಗೆ ಎಕ್ಸ್‌ರೇ, ಮುಂಗೈ ಒಳಬದಿಯ ಸ್ಪರ್ಶನರವನ್ನೂ ಸೇರಿಸಿ ಮಾಡಿದ ಎನ್‌ಸಿಎಸ್ ಇಲ್ಲಿ ಉಪಯೋಗಕ್ಕೆ ಬರುತ್ತವೆ. ಆ ನರವನ್ನು ಮಾಮೂಲಿಯಾಗಿ ಬಿಟ್ಟುಬಿಡುತ್ತಾರೆ, ಕೇಳಿ ಮಾಡಿಸಿಕೊಳ್ಳಿ. ಕೈ ಊದಿ ನೀಲಿಯಾದರೆ ಮಾತ್ರ ಅದು ನರದ ಮಾತಲ್ಲ, ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಅವತ್ತೇ ಡಾಪ್ಲರ್, ಅಂದರೆ ರಕ್ತದ ಹರಿವು ನೋಡುವ ಅಲ್ಟ್ರಾಸೌಂಡ್, ಮಾಡಿಸಬೇಕು.

ಸ್ಕ್ಯಾನ್‌ಗೆ ಮೊದಲು ಒಮ್ಮೆ ನೋಡಬೇಕಾದವು

ಚರ್ಮ ನೋಡಿ. ಸರ್ಪಸುತ್ತು ಗುಳ್ಳೆ ಏಳುವ ಕೆಲವು ದಿನ ಮೊದಲೇ ಉರಿನೋವು ಕೊಡುತ್ತದೆ, ಯುವಕರಿಗೂ ಬರುತ್ತದೆ. ಕೈಯಲ್ಲಿ ಸ್ಪರ್ಶ ತಿಳಿಯದ ಬಿಳಿಚಿದ ಅಥವಾ ಕೆಂಪು ಮಚ್ಚೆ ಇದ್ದು ಮೊಣಕೈ ಹಿಂದಿನ ನರ ಹುರಿಯಂತೆ ದಪ್ಪಗಾಗಿದ್ದರೆ ಕುಷ್ಠವನ್ನು ಯೋಚಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ, ಪೂರ್ತಿ ವಾಸಿಯಾಗುತ್ತದೆ. ಜೋಮು ಎರಡೂ ಕೈ, ಎರಡೂ ಪಾದಗಳಲ್ಲಿದ್ದರೆ ಕುತ್ತಿಗೆಗಿಂತ ಮೊದಲು ರಕ್ತದಲ್ಲಿ ಬಿ12 ಮತ್ತು ಸಕ್ಕರೆ ನೋಡಿಸಿ. ಮಾಂಸ, ಮೊಟ್ಟೆ ತಿನ್ನದೆ ಹಾಲು ಮೊಸರೂ ಕಡಿಮೆ ಮಾಡಿದವರಲ್ಲಿ ಬಿ12 ಕೊರತೆ ಸಾಮಾನ್ಯ. ಸಂಜೆ ಜ್ವರ, ತೂಕ ಇಳಿಕೆ, ಮಲಗಿದರೂ ಬಿಡದ ಕುತ್ತಿಗೆ ನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ನಮ್ಮ ದೇಶದಲ್ಲಿ ಇದನ್ನು ಮರೆಯುವಂತಿಲ್ಲ.

ಕೆಲವನ್ನು ಹೋಲಿಸಿ ಆರಿಸುವ ಸಮಯವಿಲ್ಲ, ನೇರ ಆಸ್ಪತ್ರೆಗೆ ಹೋಗಬೇಕು. ನಡಿಗೆ ತೊಡರುವುದು, ಎರಡೂ ಕೈ ಅಡ್ಡಾದಿಡ್ಡಿಯಾಗುವುದು, ಮೂತ್ರದ ಹಿಡಿತ ತಪ್ಪುವುದು ಬೆನ್ನುಹುರಿಗೆ ಒತ್ತಡವಾದ ಗುರುತು. ಕತ್ತು ಬಗ್ಗಿಸಿದಾಗ ಬೆನ್ನುದ್ದಕ್ಕೂ ಶಾಕ್ ಹೊಡೆದಂತಾಗುವುದನ್ನೂ ತಡ ಮಾಡದೆ ತೋರಿಸಿ. ಎಡ ಹೆಗಲು, ಎಡಗೈ ನೋವು ಮೆಟ್ಟಿಲು ಹತ್ತುವಾಗ ಬಂದು ನಿಂತಾಗ ಹೋಗುತ್ತಿದ್ದರೆ, ಬೆವರು, ಎದೆ ಬಿಗಿತ ಜೊತೆಗಿದ್ದರೆ ಮೊದಲು ಇಸಿಜಿ. ವಯಸ್ಸು ಮೂವತ್ತು ಎಂದು ಸುಮ್ಮನಿರಬೇಡಿ. ಇನ್ನೊಂದು, ಕಟಿಂಗ್ ಶಾಪ್‌ನಲ್ಲಿ ಕತ್ತಿನ ಲಟಿಕೆ ತೆಗೆಸಿಕೊಂಡ ಮೇಲೆ, ಅಥವಾ ಕತ್ತಿಗೆ ಏಟಾದ ಮೇಲೆ, ಹಿಂದೆಂದೂ ಇಲ್ಲದಂಥ ಕುತ್ತಿಗೆ ನೋವು, ತಲೆನೋವು ಬಂದು ಒಂದು ಕಣ್ಣಿನ ರೆಪ್ಪೆ ಜೋತರೆ, ತಲೆ ತಿರುಗಿದರೆ, ಮಾತು ತೊದಲಿದರೆ ಕುತ್ತಿಗೆಯ ರಕ್ತನಾಳದ ಒಳಪದರ ಹರಿದಿರಬಹುದು. ಯುವಕರಲ್ಲಿ ಲಕ್ವಾ ಹೊಡೆಯಲು ಇದು ಮುಖ್ಯ ಕಾರಣಗಳಲ್ಲೊಂದು. ಆ ಲಟಿಕೆ ಬೇಡ ಎಂದು ಕೈಮುಗಿದು ಹೇಳುತ್ತೇನೆ.

ಯಾರ ಹತ್ತಿರ ಹೋಗುವುದು

ಬರೀ ನೋವು, ಬಿಗಿತ ಇದ್ದು ಬಲ ಸರಿ ಇದ್ದರೆ ನಿಮ್ಮ ಮಾಮೂಲಿ ಡಾಕ್ಟರೇ ಸಾಕು, ಅವರು ಹೇಳಿದರೆ ಫಿಸಿಯೋಥೆರಪಿ. ಹೆಗಲಿನ ಕೀಲು ಎಂದು ಅನ್ನಿಸಿದರೆ ಮೂಳೆ ವೈದ್ಯರು. ಅಲ್ಲಿ ಹೆಗಲಿನ ಅಲ್ಟ್ರಾಸೌಂಡ್ ಅಗ್ಗದಲ್ಲಿ ಬಹಳಷ್ಟು ಹೇಳುತ್ತದೆ. ಬಲ ಸೋತಿದ್ದರೆ, ಸ್ನಾಯು ಸಣ್ಣಗಾಗಿದ್ದರೆ ನೇರವಾಗಿ ನರರೋಗ ತಜ್ಞರು, ಅಂದರೆ ನ್ಯೂರಾಲಜಿಸ್ಟ್. ನರದ ಆಪರೇಷನ್ ಮಾಡುವ ನ್ಯೂರೋಸರ್ಜನ್ ಆಮೇಲಿನವರು, ಆಪರೇಷನ್ ಮಾತು ಬಂದಾಗ.

ಯಾರ ಬಳಿ ಹೋದರೂ ಪರೀಕ್ಷೆಯ ಚೀಟಿ ಬರೆಯುವಾಗ ಒಂದು ಪ್ರಶ್ನೆ ಕೇಳಿ: 'ಡಾಕ್ಟ್ರೇ, ಇದರಲ್ಲಿ ಏನು ಬಂದರೆ ಚಿಕಿತ್ಸೆ ಬದಲಾಗುತ್ತದೆ?' ಉತ್ತರ ಸ್ಪಷ್ಟವಾಗಿದ್ದರೆ ಮಾಡಿಸಿ. 'ಸುಮ್ನೆ ಒಂದು ಸಲ ನೋಡೋಣ' ಎಂದರೆ ಇನ್ನೆರಡು ವಾರ ಕಾಯಬಹುದೇ ಎಂದು ಕೇಳಿ. ಮಾಡಿಸಿದ ಮೇಲೆ ವರದಿಯ ಹಾಳೆಯ ಜೊತೆಗೆ ಫಿಲ್ಮ್ ಅಥವಾ ಸಿಡಿಯನ್ನೂ ಕೇಳಿ ಇಟ್ಟುಕೊಳ್ಳಿ. ಮುಂದೆ ಬೇರೆ ವೈದ್ಯರು ನೋಡುವಾಗ ಅವರಿಗೆ ಬೇಕಾಗುವುದು ಚಿತ್ರ. ಅದು ಕೈಯಲ್ಲಿದ್ದರೆ ಇನ್ನೊಂದು ಎಂಆರ್‌ಐ ಖರ್ಚು ಬಹಳ ಸಲ ಉಳಿಯುತ್ತದೆ.